ವಾರಕ್ಕೊಂದು ವಿಷಯ, ವಾರಕ್ಕೊಂದು ಚಿತ್ರ: ತೋಟದಲ್ಲಿ ಒಂದು ವರ್ಷದ ಅಭ್ಯಾಸ

ಬೆಳೆಗಾರನಿಗೆ ತನ್ನ ತೋಟ ಗೊತ್ತಿಲ್ಲವೆಂದರೆ ಯಾರೂ ಒಪ್ಪಲಾರರು. ಯಾವ ಸಾಲು ಯಾವ ವರ್ಷ ನೆಟ್ಟದ್ದು, ಯಾವ ಮೂಲೆಯಲ್ಲಿ ನೀರು ನಿಲ್ಲುತ್ತದೆ, ಬೇಲಿಯ ಯಾವ ಸಂದಿನಿಂದ ಹಂದಿ ನುಗ್ಗುತ್ತದೆ ಎಂಬುದೆಲ್ಲ ನಮಗೆ ಬಾಯಿಪಾಠವಾಗಿರುತ್ತದೆ. ಆದರೆ ದಿನವೂ ಕಾಣುವುದನ್ನು ನಿಂತು ನೋಡುವವರು ನಮ್ಮಲ್ಲಿ ಕಡಿಮೆ. ತೋಟಕ್ಕೆ ಹೋಗುವುದು ಕೆಲಸವಿದ್ದಾಗ. ಕಣ್ಣು ಹೋಗುವುದು ಆ ಕೆಲಸದ ಕಡೆಗೆ. ಉಳಿದದ್ದೆಲ್ಲ ಇದ್ದೂ ಇಲ್ಲದಂತೆ ಸರಿದು ಹೋಗುತ್ತದೆ.

ಹಾಗೆ ಸರಿದು ಹೋಗುವುದನ್ನು ಹಿಡಿದು ನಿಲ್ಲಿಸುವ ಒಂದು ಸುಲಭ ಅಭ್ಯಾಸವನ್ನು ಸದಸ್ಯ ಬಾಂಧವರ ಮುಂದಿಡುವುದು ಈ ಲೇಖನದ ಉದ್ದೇಶ. ವಾರಕ್ಕೊಂದು ವಿಷಯವನ್ನು ಗೊತ್ತುಮಾಡಿಕೊಳ್ಳುವುದು, ಅದಕ್ಕೆ ತಕ್ಕ ಒಂದು ಛಾಯಾಚಿತ್ರವನ್ನು ಆ ವಾರದೊಳಗೇ ತೆಗೆಯುವುದು, ಹೀಗೆ ಐವತ್ತೆರಡು ವಾರ ಬಿಡದೆ ನಡೆಸುವುದು. ಹವ್ಯಾಸಿ ಛಾಯಾಗ್ರಾಹಕರಲ್ಲಿ ಈ ಪದ್ಧತಿ ಹಲವು ದೇಶಗಳಲ್ಲಿ ರೂಢಿಯಲ್ಲಿದೆ. ಕೊಪ್ಪ ತಾಲ್ಲೂಕಿನ ನಮ್ಮ ತೋಟದಲ್ಲಿ ನಾನೂ ನನ್ನ ಸೊಸೆಯೂ ಸೇರಿ ಇದನ್ನು ೨೦೨೩ರ ಜೂನ್ ೪ನೇ ಭಾನುವಾರ ಆರಂಭಿಸಿ ೨೦೨೪ರ ಜೂನ್ ೧ನೇ ಶನಿವಾರ ಮುಗಿಸಿದೆವು. ಕಣಿವೆಯಲ್ಲಿ ಅಡಿಕೆ, ಏರಿನಲ್ಲಿ ಕಾಫಿ ಇರುವ ಸಾಧಾರಣ ತೋಟ ನಮ್ಮದು. ಉಪಕರಣವೆಂದರೆ ನಮ್ಮಿಬ್ಬರ ಮೊಬೈಲ್ ಫೋನುಗಳು ಮತ್ತು ಇನ್ನೂರು ಪುಟದ ಒಂದು ಲೆಕ್ಕದ ಪುಸ್ತಕ.

ಹಿಂದಿನ ಮಾದರಿಗಳು

ಕಾಲಕ್ಕೆ ತಪ್ಪದೆ ಚಿತ್ರ ತೆಗೆಯುವ ಶಿಸ್ತು ಹೊಸದೇನೂ ಅಲ್ಲ. ಅಮೆರಿಕದ ನಿಕೋಲಸ್ ನಿಕ್ಸನ್ ಎಂಬ ಛಾಯಾಗ್ರಾಹಕರು ೧೯೭೫ರಲ್ಲಿ ತಮ್ಮ ಹೆಂಡತಿಯನ್ನೂ ಅವರ ಮೂವರು ಸೋದರಿಯರನ್ನೂ ಸಾಲಾಗಿ ನಿಲ್ಲಿಸಿ ಒಂದು ಚಿತ್ರ ತೆಗೆದರು. ಅದೇ ನಾಲ್ವರನ್ನು ಅದೇ ಕ್ರಮದಲ್ಲಿ ನಿಲ್ಲಿಸಿ ವರ್ಷಕ್ಕೊಂದು ಚಿತ್ರವನ್ನು ನಾಲ್ಕು ದಶಕಗಳಿಗೂ ಮೀರಿ ತೆಗೆದರು. ಒಂದೊಂದು ಚಿತ್ರದಲ್ಲಿ ವಿಶೇಷವೇನೂ ಕಾಣದು. ಸಾಲಾಗಿ ಇಟ್ಟು ನೋಡಿದರೆ ನಾಲ್ವರು ಹೆಣ್ಣುಮಕ್ಕಳ ಬಾಳು ಕಣ್ಣ ಮುಂದೆ ಸಾಗುತ್ತದೆ. ನ್ಯೂಯಾರ್ಕಿನ ಜೇಮೀ ಲಿವಿಂಗ್‌ಸ್ಟನ್ ಎಂಬವರು ೧೯೭೯ರ ಮಾರ್ಚ್ ೩೧ರಿಂದ ದಿನಕ್ಕೊಂದು ಪೊಲರಾಯ್ಡ್ ಚಿತ್ರ ತೆಗೆಯುವ ನೇಮ ಹಿಡಿದು, ೧೯೯೭ರ ಅಕ್ಟೋಬರ್ ೨೫ರಂದು ತೀರಿಕೊಳ್ಳುವವರೆಗೂ ಅದನ್ನು ನಡೆಸಿದರು. ಆರು ಸಾವಿರಕ್ಕೂ ಹೆಚ್ಚು ಚಿತ್ರಗಳು ಉಳಿದವು.

ನಮ್ಮ ಪಕ್ಕದಲ್ಲೇ ನೋಡುವುದಾದರೆ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು (೧೯೩೮–೨೦೦೭) ಕಾಫಿ ಬೆಳೆಗಾರರೂ ಹೌದು, ಹಕ್ಕಿಗಳ ಛಾಯಾಗ್ರಾಹಕರೂ ಹೌದು. ಕಾಫಿ ತೋಟದಲ್ಲಿ ಇದ್ದುಕೊಂಡು ಕ್ಯಾಮೆರಾ ಹಿಡಿಯುವುದು ಪೇಟೆಯವರ ಶೋಕಿಯಲ್ಲ ಎಂಬುದಕ್ಕೆ ಅವರಿಗಿಂತ ಬೇರೆ ಸಾಕ್ಷಿ ಬೇಡ. ಅವರಂತೆ ಹಕ್ಕಿಗಾಗಿ ಹೊತ್ತುಗಟ್ಟಲೆ ಕಾಯುವ ತಾಳ್ಮೆ ಎಲ್ಲರಿಗೂ ಸಾಧ್ಯವಿಲ್ಲ. ವಾರಕ್ಕೆ ಒಂದು ಚಿತ್ರವಾದರೆ ಯಾರಿಗೂ ಸಾಧ್ಯ.

ನಾವು ಹಾಕಿಕೊಂಡ ಕಟ್ಟು

ಇಂಥ ಕೆಲಸಕ್ಕೆ ಕಟ್ಟು ಬೇಕು. ಕಟ್ಟಿಲ್ಲದಿದ್ದರೆ ಮೂರನೇ ವಾರಕ್ಕೆ ನಿಂತುಹೋಗುತ್ತದೆ. ನಾವು ವಿಷಯಗಳನ್ನು ನಾಲ್ಕು ತಲೆಬರಹಗಳಲ್ಲಿ ಸರದಿಯಂತೆ ಹಂಚಿಕೊಂಡೆವು: ಮೊದಲ ವಾರ ಜೀವ, ಎರಡನೆಯದು ಸ್ಥಳ, ಮೂರನೆಯದು ವಸ್ತು, ನಾಲ್ಕನೆಯದು ಬೆಳಕು ಮತ್ತು ಬಣ್ಣ. ನಾಲ್ಕು ತಲೆಬರಹಕ್ಕೆ ಹದಿಮೂರು ಸುತ್ತು ಬಂದರೆ ಐವತ್ತೆರಡು ವಾರ ತುಂಬುತ್ತದೆ. ಆ ತಲೆಬರಹದ ಕೆಳಗೆ ನಿರ್ದಿಷ್ಟ ವಿಷಯವನ್ನು ಒಂದು ವಾರ ನಾನು, ಮರುವಾರ ಸೊಸೆ ಸೂಚಿಸುವುದೆಂದು ಮಾತಾಯಿತು.

ಉಳಿದ ನಿಯಮಗಳು ಇಷ್ಟೇ. ವಿಷಯ ಗೊತ್ತಾಗುವುದು ಭಾನುವಾರ ಬೆಳಿಗ್ಗೆ. ಚಿತ್ರ ಶನಿವಾರ ರಾತ್ರಿಯೊಳಗೆ ಆಗಬೇಕು. ಹಳೆಯ ಚಿತ್ರವನ್ನು ತಂದಿಡುವಂತಿಲ್ಲ. ನಮ್ಮ ಗಡಿಯೊಳಗೇ ತೆಗೆಯಬೇಕು. ವಾರಕ್ಕೆ ಮೂವತ್ತಾರಕ್ಕಿಂತ ಹೆಚ್ಚು ಸಲ ಗುಂಡಿ ಒತ್ತುವಂತಿಲ್ಲ; ಹಿಂದೆ ಒಂದು ಸುರುಳಿ ಫಿಲ್ಮಿನಲ್ಲಿ ಅಷ್ಟೇ ಚಿತ್ರ ಬರುತ್ತಿದ್ದುದನ್ನು ನೆನಪಿನಲ್ಲಿಟ್ಟುಕೊಂಡು ಈ ಮಿತಿ ಹಾಕಿದ್ದು. ಕೊನೆಗೆ ಒಬ್ಬೊಬ್ಬರು ಒಂದೊಂದನ್ನೇ ಉಳಿಸಿಕೊಳ್ಳಬೇಕು. ಪುಸ್ತಕದಲ್ಲಿ ಅದರ ಅಚ್ಚನ್ನು ಅಂಟಿಸಿ, ಕೆಳಗೆ ದಿನ, ಹೊತ್ತು, ಜಾಗ ಮತ್ತು ಆ ದಿನದ ಮಳೆ–ಬಿಸಿಲನ್ನು ಬರೆಯಬೇಕು. ವ್ಯಕ್ತಿಯ ಚಿತ್ರವಾದರೆ ಮೊದಲು ಒಪ್ಪಿಗೆ ಕೇಳಬೇಕು, ಆಮೇಲೆ ಒಂದು ಪ್ರತಿ ಅವರಿಗೆ ಕೊಡಬೇಕು.

ಇದರ ಜೊತೆಗೆ ಸೊಸೆ ಇನ್ನೊಂದು ಸೇರಿಸಿದಳು. "ಮಾವ, ವಿಷಯ ಏನೇ ಇರಲಿ, ಭಾನುವಾರ ಬೆಳಿಗ್ಗೆ ಎಂಟು ಗಂಟೆಗೆ ಸಂಕದ ಮೇಲೆ ನಿಂತು ಹಳ್ಳದ ಮೇಲ್ಬದಿಯದೊಂದು ಚಿತ್ರ ತೆಗೆದುಬಿಡೋಣ. ಅದಕ್ಕೆ ವಿಷಯ ಬೇಡ." ಸಂಕದ ಕೈಹಿಡಿಗೆ ಸುಣ್ಣದಿಂದ ಒಂದು ಗುರುತು ಹಾಕಿದೆವು, ಫೋನನ್ನು ಪ್ರತಿಸಲ ಅಲ್ಲೇ ಇಟ್ಟು ತೆಗೆಯುವುದು. ಇಡೀ ವರ್ಷದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ಚಿತ್ರವೇ.

ಮಳೆಗಾಲದ ವಾರಗಳು

ಮೊದಲ ವಾರದ ವಿಷಯ 'ನಾನು'. ಸೊಸೆ ಅಡುಗೆಮನೆಯ ಹೊಗೆಗಂಡಿಯ ಬೆಳಕಿನಲ್ಲಿ ತನ್ನ ನೆರಳನ್ನು ತೆಗೆದಳು. ನಾನು ಜಗಲಿಯಲ್ಲಿದ್ದ ನನ್ನ ಕೊಡೆ, ಕತ್ತಿ, ಗಮ್‌ಬೂಟುಗಳನ್ನು ತೆಗೆದೆ. ಆ ವರ್ಷ ಮುಂಗಾರು ಕೇರಳಕ್ಕೆ ಕಾಲಿಟ್ಟದ್ದೇ ಜೂನ್ ೮ರಂದು. ನಮ್ಮಲ್ಲಿ ಮಳೆ ಹಿಡಿಯುವುದು ಇನ್ನೂ ತಡವಾಯಿತು. ಚಿತ್ರದಲ್ಲಿರುವ ಗಮ್‌ಬೂಟಿನ ಮೇಲೆ ಕೆಸರಿಲ್ಲ, ಧೂಳಿದೆ. ತೆಗೆಯುವಾಗ ಅದಕ್ಕೆ ಅರ್ಥವಿರಲಿಲ್ಲ. ವರ್ಷದ ಕೊನೆಯಲ್ಲಿ ಪುಟ ತಿರುವಿದಾಗ ಅರ್ಥ ಬಂತು.

ಎಂಟನೇ ವಾರ, ಜುಲೈ ೨೩ರಿಂದ, ವಿಷಯ 'ಕತ್ತಲೆ'. ಆ ಹೊತ್ತಿಗೆ ಮಳೆ ಜಡಿದು ಹಿಡಿದಿತ್ತು. ವಿದ್ಯುತ್ತಿರಲಿಲ್ಲ. ಬಚ್ಚಲೊಲೆಯ ಬೆಂಕಿಯೊಂದೇ ಬೆಳಕು. ಫೋನನ್ನು ಒಂದು ಮಣೆಯ ಮೇಲೆ ಅಲುಗಾಡದಂತೆ ಇಟ್ಟು, ತಾನೇ ಕ್ಲಿಕ್ಕಾಗುವ ಸಮಯ ಗೊತ್ತುಮಾಡಿದರೆ ಆ ಬೆಳಕಿನಲ್ಲೂ ಒಳ್ಳೆಯ ಚಿತ್ರ ಬರುತ್ತದೆ ಎಂಬುದು ಅಂದು ತಿಳಿಯಿತು. ಕತ್ತಲೆಯಲ್ಲಿ ಕೆಡಿಸುವುದು ಕೈಯ ನಡುಕ. ಕೈ ತೆಗೆದರೆ ಅರ್ಧ ಕೆಲಸವಾದಂತೆ.

ಆಮೇಲೆ ಬಂದದ್ದು ಆಗಸ್ಟ್. ೨೦೨೩ರ ಆಗಸ್ಟ್, ದೇಶದ ಮಟ್ಟದಲ್ಲಿ ೧೯೦೧ರಿಂದೀಚೆಗಿನ ಅತ್ಯಂತ ಒಣ ಆಗಸ್ಟ್ ಎಂದು ದಾಖಲಾಗಿರುವುದು ವಾಚಕರಿಗೆ ನೆನಪಿರಬಹುದು. ನಮ್ಮ ಪುಸ್ತಕದಲ್ಲಿ ಅಂಕಿಗಳಿಲ್ಲ. ಆದರೆ ಜುಲೈ ಕೊನೆಯ ಸಂಕದ ಚಿತ್ರದಲ್ಲಿ ಕೆಂಪು ನೀರಿನಡಿ ಮುಳುಗಿದ್ದ ಕಲ್ಲುಗಳು ಆಗಸ್ಟ್ ಕೊನೆಯ ಚಿತ್ರದಲ್ಲಿ ಒಂದೊಂದಾಗಿ ಎಣಿಸುವಂತೆ ನಿಂತಿವೆ. ಆಟಿ–ಸೋಣೆಯಲ್ಲಿ ಹಾಗೆ ಕಲ್ಲು ಕಾಣುವುದು ನಮ್ಮ ಹಳ್ಳದ ಸ್ವಭಾವವಲ್ಲ.

ಹಳದಿಯ ವಾರ

ಹದಿನೈದು ಹದಿನಾರನೇ ವಾರದ ಸುಮಾರಿಗೆ ಇಂಥ ನೇಮಗಳಿಗೆಲ್ಲ ಒಂದು ಬೇಸರ ಬರುತ್ತದೆ. ಹೊಸತನ ಕಳೆದಿರುತ್ತದೆ, ಮುಕ್ತಾಯ ದೂರವಿರುತ್ತದೆ. ಅಲ್ಲಿ ಹಿಡಿದು ನಿಲ್ಲಿಸುವುದು ವಿಷಯವೆಂಬ ಹಗ್ಗವೇ. 'ತೋಟದ ಏನಾದರೊಂದು ಚಿತ್ರ ತೆಗೆ' ಎಂದರೆ ಕೈ ಏಳುವುದಿಲ್ಲ. 'ಹಳದಿ' ಎಂದರೆ ಕಣ್ಣು ತಾನಾಗಿ ಹುಡುಕತೊಡಗುತ್ತದೆ.

ಅಕ್ಟೋಬರ್ ೧೫ರಿಂದ ಇಪ್ಪತ್ತನೇ ವಾರ, ವಿಷಯ 'ಹಳದಿ'. ನಾನು ಹಣ್ಣಾಗುತ್ತಿದ್ದ ಅಡಿಕೆಯ ಕೊನೆಯನ್ನು ತೆಗೆದಿದ್ದೆ. ಸೊಸೆ ತಂದದ್ದು ಹಳ್ಳದಂಚಿನ ಮರದ ಕೆಳಗಿನ ಸೋಗೆ. ಫೋನಿನ ಪರದೆಯಲ್ಲಿ ಹಿಗ್ಗಿಸಿ ನೋಡಿದಾಗ ಸೋಗೆಯ ಗರಿಯ ಮೇಲೆ ಕಂದು ಚುಕ್ಕೆಗಳು, ಒಂದೊಂದು ಚುಕ್ಕೆಯ ಸುತ್ತ ಹಳದಿ ಅಂಚು ಕಂಡವು. ಮಲೆನಾಡಿನ ಅಡಿಕೆ ತೋಟಗಳನ್ನು ಈಚಿನ ವರ್ಷಗಳಲ್ಲಿ ಕಾಡುತ್ತಿರುವ ಎಲೆಚುಕ್ಕಿ ರೋಗದ ಲಕ್ಷಣವದು. ದಾರಿಯಲ್ಲಿ ನಿಂತು ನೋಡಿದರೆ ಆ ಮರ ಹಸಿರಾಗಿಯೇ ಕಾಣುತ್ತಿತ್ತು.

ಆ ವಾರವೇ ಸುತ್ತಲಿನ ಮರಗಳನ್ನು ಒಂದೊಂದಾಗಿ ನೋಡಿದೆವು; ಹನ್ನೊಂದು ಮರಗಳಲ್ಲಿ ಚುಕ್ಕೆಯಿತ್ತು. ಚಿತ್ರಗಳನ್ನು ತೋಟಗಾರಿಕೆಯ ತಜ್ಞರಿಗೆ ತೋರಿಸಿ, ಅವರ ಸಲಹೆಯಂತೆ ಹೆಚ್ಚು ತಗುಲಿದ ಸೋಗೆಗಳನ್ನು ಕಡಿದು ಸುಟ್ಟು, ಶಿಲೀಂಧ್ರನಾಶಕ ಸಿಂಪಡಿಸಲಾಯಿತು. ಚಿತ್ರ ತೆಗೆದ ಮಾತ್ರಕ್ಕೆ ರೋಗ ವಾಸಿಯಾಗದು. ರೋಗ ಇನ್ನೂ ಅಲ್ಲಲ್ಲಿ ಇದೆ. ಆದರೆ ಎಂದು, ಎಲ್ಲಿ, ಎಷ್ಟು ಇತ್ತು ಎಂಬುದಕ್ಕೆ ಬಾಯಿಮಾತಿಗಿಂತ ಗಟ್ಟಿಯಾದ ಆಧಾರ ನಮ್ಮಲ್ಲಿದೆ. ಮರದ ಕಾಂಡಕ್ಕೆ ಬಣ್ಣದಿಂದ ಸಂಖ್ಯೆ ಬರೆದು, ಮುಂದಿನ ತಿಂಗಳುಗಳಲ್ಲಿ ಅದೇ ಮರಗಳನ್ನು ಮತ್ತೆ ಮತ್ತೆ ತೆಗೆದು ಹೋಲಿಸಲು ಸಾಧ್ಯವಾಯಿತು.

ಕೊನೆಗಾರನ ಎರಡು ಚಿತ್ರಗಳು

ನವೆಂಬರ್ ೧೯ರಿಂದ ಇಪ್ಪತ್ತೈದನೇ ವಾರ. ಸುಗ್ಗಿಯ ಕಾಲ. ವಿಷಯ 'ದುಡಿಯುವ ಕಾಲು'. ಮೂವತ್ತು ವರ್ಷಗಳಿಂದ ನಮ್ಮಲ್ಲಿ ಕೊನೆ ತೆಗೆಯುತ್ತಿರುವವರನ್ನು ಕೇಳಿದೆ. ತಳೆ ಹಾಕಿಕೊಂಡು ಮರಕ್ಕೆ ಒತ್ತಿದ ಅವರ ಪಾದಗಳು, ಗಂಟುಗಟ್ಟಿದ ಬೆರಳುಗಳು, ಹಿಂದೆ ಮಸುಕಾಗಿ ಅಂಗಳ: ಒಳ್ಳೆಯ ಚಿತ್ರ ಬಂತು. ತೋರಿಸಿದಾಗ ಅವರು ಬಹಳ ಹೊತ್ತು ನೋಡಿ ಹೇಳಿದರು: "ಕಾಲೇನೋ ಚೆಂದಾಗಿ ಬಂದದೆ ಅಯ್ಯಾ. ಆದ್ರೆ ಇದು ನಂದೇ ಅಂತ ನಮ್ಮನೇಲಿ ಯಾರು ನಂಬ್ತಾರೆ? ಮೊಕಾನೂ ಒಂದು ತೆಗೀರಿ."

ಮಾತು ನ್ಯಾಯವಾಗಿತ್ತು. ಒಬ್ಬರು ಒಂದೇ ಚಿತ್ರ ಉಳಿಸಿಕೊಳ್ಳಬೇಕೆಂಬ ನಿಯಮವನ್ನು ಆ ವಾರ ಸಡಿಲಿಸಿ, ಮರುದಿನ ಅವರು ತಲೆ ಬಾಚಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಾಗ ಅಡಿಕೆ ಚಪ್ಪರದ ಅಂಚಿನ ತಂಪು ಬೆಳಕಿನಲ್ಲಿ ನಿಲ್ಲಿಸಿ ಮುಖದ ಚಿತ್ರ ತೆಗೆದೆ. ಗುರುತಿನ ಚೀಟಿಗಳ ಚಿತ್ರ ಬಿಟ್ಟರೆ ಅವರೊಬ್ಬರದೇ ಚಿತ್ರ ಅವರ ಮನೆಯಲ್ಲಿ ಬೇರೊಂದಿರಲಿಲ್ಲ. ಎರಡನ್ನೂ ದೊಡ್ಡದಾಗಿ ಅಚ್ಚುಹಾಕಿಸಿ ಕೊಟ್ಟೆವು. ಮುಖದ್ದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರೆ.

ಮರುವರ್ಷ ಅವರು ಮರ ಹತ್ತಲಿಲ್ಲ, ಮೊಣಕಾಲು ಕೇಳಲಿಲ್ಲ. ಈಗ ನಮ್ಮಲ್ಲಿ ಕೊನೆ ಇಳಿಯುವುದು ನೆಲದ ಮೇಲೆ ನಿಂತು ಹಿಡಿಯುವ ಕಾರ್ಬನ್ ಫೈಬರ್ ದೋಟಿಯಿಂದ. ಬೀಳುವ ಭಯವಿಲ್ಲದ ಆ ಸಾಧನ ಬಂದದ್ದು ಒಳ್ಳೆಯದೇ ಆಯಿತು; ಹತ್ತುವ ಕೆಲಸಕ್ಕೆ ಹುಡುಗರು ಬರಲಿ ಎಂದು ಬಯಸುವ ಹಕ್ಕು ನಮಗಿಲ್ಲ. ಆದರೆ ಒಂದು ಮರದ ತಲೆಯಿಂದ ಇನ್ನೊಂದಕ್ಕೆ ತೂಗಿ ದಾಟುತ್ತಿದ್ದ ಆ ಕೌಶಲ ನಮ್ಮ ತೋಟದಲ್ಲಿ ನಡೆದ ಕೊನೆಯ ಸುಗ್ಗಿ ಅದು. ವಿಷಯದ ನೆಪವಿಲ್ಲದಿದ್ದರೆ ಅದರ ಚಿತ್ರ ಇರುತ್ತಿರಲಿಲ್ಲ.

ಬಿಳಿಯ ವಾರ, ಜೇನಿನ ವಾರ

ಕಾಫಿ ಹೂವು ಯಾರನ್ನೂ ಕಾಯುವುದಿಲ್ಲ. ಹೂಮಳೆ ಬಿದ್ದು ಅಥವಾ ಸ್ಪ್ರಿಂಕ್ಲರ್ ಹಾಯಿಸಿ ಎಂಟು ಹತ್ತು ದಿನಕ್ಕೆ ಮೊಗ್ಗು ಬಿರಿಯುತ್ತದೆ. ಎರಡು ಮೂರು ದಿನದಲ್ಲಿ ಹೂವು ಕಂದುತ್ತದೆ. ೨೦೨೪ರ ಮಾರ್ಚ್ ೩ರಿಂದ ನಲವತ್ತನೇ ವಾರ, ವಿಷಯ 'ಬಿಳಿ'. ರೊಬಸ್ಟಾದ ಒಂದು ತುಂಡು ಆ ವಾರ ಅರಳಿತ್ತು. ಬಿಳಿಯನ್ನು ತೆಗೆಯುವುದು ಕಷ್ಟದ ಕೆಲಸ: ನಡುಹಗಲಿನಲ್ಲಿ ತೆಗೆದರೆ ಎಸಳುಗಳು ಒಂದಕ್ಕೊಂದು ಕೂಡಿ ಸುಣ್ಣ ಬಳಿದಂತೆ ಕಾಣುತ್ತವೆ. ಬೆಳಿಗ್ಗೆ ಏಳರ ಹೊತ್ತಿಗೆ, ಹೂವಿನ ಮೇಲೆ ಬೆರಳೊತ್ತಿ ಪರದೆಯ ಬೆಳಕನ್ನು ಸ್ವಲ್ಪ ಇಳಿಸಿ ತೆಗೆದರೆ ಒಂದೊಂದು ಎಸಳೂ ಬೇರೆಯಾಗಿ ನಿಲ್ಲುತ್ತದೆ.

ಮರುವಾರ ಸೊಸೆ ಕೊಟ್ಟ ವಿಷಯ 'ಕೂಲಿಯಿಲ್ಲದ ಕೆಲಸಗಾರ'. ಅಷ್ಟರಲ್ಲಿ ಪಕ್ಕದ ತುಂಡು ಅರಳಿತ್ತು, ಅದರ ತುಂಬ ತುಡುವೆ ಜೇನು. ರೊಬಸ್ಟಾ ಗಿಡಕ್ಕೆ ತನ್ನದೇ ಪರಾಗ ಸಲ್ಲದು. ಬೇರೆ ಗಿಡದ ಪರಾಗ ಗಾಳಿಯಿಂದಲೋ ಜೇನಿನಿಂದಲೋ ಬರಬೇಕು. ಇದು ನಮಗೆಲ್ಲ ತಿಳಿದ ಸಂಗತಿಯೇ. ಕಾಲಿಗೆ ಪರಾಗದ ಉಂಡೆ ಕಟ್ಟಿಕೊಂಡ ಹುಳುವನ್ನು ಗೇಣುದೂರದಿಂದ ನೋಡಿದ ಮೇಲೆ, ಹೂವಿನ ಕಾಲದಲ್ಲಿ ಔಷಧಿ ಹೊಡೆಯಬಾರದೆಂಬ ಮಾತನ್ನು ಮನೆಯಲ್ಲಿ ಯಾರಿಗೂ ಎರಡನೇ ಸಲ ಹೇಳಬೇಕಾಗಲಿಲ್ಲ.

ಸಂಕದ ಚಿತ್ರಗಳು ಹೇಳಿದ್ದು

ಆ ಬೇಸಿಗೆ ಕಠಿಣವಾಗಿತ್ತು. ಮಾರ್ಚ್ ಕಳೆದರೂ ನಮ್ಮಲ್ಲಿ ಮಳೆಯಿಲ್ಲ. ಹೂ ಬಿಡಿಸಲು ಒಮ್ಮೆ ನೀರು ಹಾಯಿಸಿಯಾಗಿತ್ತು. ಮಿಡಿ ನಿಲ್ಲಲು ಕಾಫಿಗೆ ಎರಡನೇ ನೀರು ಬೇಕು. ಕೆಳಗೆ ಐದು ವರ್ಷದ ಅಡಿಕೆ ಸಸಿಗಳು ಬಾಡುತ್ತಿದ್ದವು. ಹಳ್ಳದ ಗುಂಡಿಯಲ್ಲಿದ್ದ ನೀರು ಎರಡಕ್ಕೂ ಸಾಲದು. ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ಮಗನ ಅಭಿಪ್ರಾಯ ಕಾಫಿಯ ಕಡೆಗೆ. ನನ್ನದು ಸಸಿಗಳ ಕಡೆಗೆ.

ಸೊಸೆ ಪುಸ್ತಕ ತಂದು ಜನವರಿಯಿಂದ ಏಪ್ರಿಲ್ ಮೊದಲ ವಾರದವರೆಗಿನ ಸಂಕದ ಚಿತ್ರಗಳನ್ನು ಮೇಜಿನ ಮೇಲೆ ಸಾಲಾಗಿ ತೆರೆದಿಟ್ಟಳು. ನಡುವಿನ ಚಪ್ಪಟೆ ಕಲ್ಲು ಜನವರಿಯಲ್ಲಿ ಅರ್ಧ ನೀರಿನಲ್ಲಿತ್ತು. ಫೆಬ್ರವರಿ ನಡುವೆ ಬುಡ ಕಂಡಿತು. ಮಾರ್ಚಿನಲ್ಲಿ ಪ್ರತಿ ವಾರಕ್ಕೆ ನೀರು ಎಷ್ಟೆಷ್ಟು ಹಿಂದೆ ಸರಿದಿತ್ತೆಂಬುದನ್ನು ಕಲ್ಲಿನ ಮೇಲಿನ ಕಲೆಗಳಿಂದ ಅಳೆಯಬಹುದಿತ್ತು. ಅದೇ ವೇಗದಲ್ಲಿ ಇಳಿದರೆ ಇನ್ನು ಐದು ವಾರದ ನೀರು ಮಾತ್ರ, ಅದೂ ಸ್ಪ್ರಿಂಕ್ಲರ್ ಹಚ್ಚದಿದ್ದರೆ. ಇದನ್ನು ಕಂಡ ಮೇಲೆ ಮಗನೂ ಒಪ್ಪಿದ. ಕಾಫಿಯ ಎರಡನೇ ನೀರನ್ನು ಕೈಬಿಟ್ಟು, ಸಸಿಗಳಿಗೆ ವಾರಕ್ಕೆರಡು ಸಲ ಬುಡಕ್ಕೆ ಮಾತ್ರ ಕೊಟ್ಟೆವು. ಮೇ ತಿಂಗಳಲ್ಲಿ ಮಳೆ ಬರುವವರೆಗೆ ನೀರು ಬಂತು.

ಲಾಭವೊಂದೇ ಆಯಿತೆಂದು ಹೇಳುತ್ತಿಲ್ಲ. ಮೇಲಿನ ತುಂಡಿನಲ್ಲಿ ಮಿಡಿ ಉದುರಿ ಫಸಲು ತೆಳುವಾಯಿತು. ೨೦೨೫ರ ಆರಂಭದಲ್ಲಿ ರೊಬಸ್ಟಾದ ಬೆಲೆ ಏರಿದ್ದಾಗ ಅದು ಕೈಗೆ ತಟ್ಟಿತು. ಆದರೆ ಐದು ವರ್ಷ ಸಾಕಿದ ಸಸಿಗಳು ಉಳಿದವು, ಮನೆಯ ಮೂವರೂ ಒಂದೇ ಆಧಾರದ ಮೇಲೆ ನಿಂತು ತೀರ್ಮಾನ ಮಾಡಿದೆವು. ತೋಟದ ಮನೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಆರಂಭಿಸುವವರಿಗೆ ಕೆಲವು ಸೂಚನೆಗಳು

ನೆರಳಿನ ತೋಟದಲ್ಲಿ ನಡುಹಗಲಿನ ಚುಕ್ಕೆ ಬಿಸಿಲು ಚಿತ್ರವನ್ನು ಕೆಡಿಸುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕರ ಮೇಲೆ, ಇಲ್ಲವೇ ಮೋಡದ ದಿನ ತೆಗೆಯುವುದು ಉತ್ತಮ. ಮಳೆಯ ಹನಿ ಕಾಣಬೇಕಾದರೆ ಹಿನ್ನೆಲೆ ಕಪ್ಪಾಗಿರಬೇಕು; ಆಕಾಶವನ್ನು ಹಿಂದಿಟ್ಟುಕೊಂಡರೆ ಮಳೆ ಕಾಣದು.

ರೋಗ ಅಥವಾ ಕೀಟದ ಚಿತ್ರವಾದರೆ ಮೂರು ಬೇಕು: ಇಡೀ ಗಿಡ, ತಗುಲಿದ ಕೊಂಬೆ ಅಥವಾ ಸೋಗೆ, ಮತ್ತು ಹತ್ತಿರದಿಂದ ಎಲೆಯ ಎರಡೂ ಮಗ್ಗುಲು. ಪಕ್ಕದಲ್ಲಿ ಒಂದು ನಾಣ್ಯವಿಟ್ಟರೆ ಚುಕ್ಕೆಯ ಅಳತೆ ತಿಳಿಯುತ್ತದೆ. ದೂರದ ತಜ್ಞರಿಗೆ ತೋರಿಸಲು ಇಂಥ ಚಿತ್ರವೇ ಅನುಕೂಲ.

ಕ್ಯಾಮೆರಾ ಇದ್ದವರು ಮಳೆಗಾಲದಲ್ಲಿ ಅದರ ಮಸೂರಕ್ಕೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಬಿಗಿಮುಚ್ಚಳದ ಡಬ್ಬಿಯಲ್ಲಿಡಬೇಕು. ಫೋನಿನ ಚಿತ್ರಗಳು ಫೋನಿನೊಂದಿಗೇ ಹೋಗಿಬಿಡುತ್ತವೆ. ಆದ್ದರಿಂದ ತಿಂಗಳಿಗೊಮ್ಮೆ ಅಚ್ಚುಹಾಕಿಸಿ ಅಂಟಿಸುವುದನ್ನು ತಪ್ಪಿಸಬಾರದು. ದಿನಾಂಕ ಬರೆಯದ ಚಿತ್ರಕ್ಕೆ ಅರ್ಧ ಬೆಲೆ.

ಮೊದಲ ಹದಿಮೂರು ವಾರಗಳಿಗೆ ವಿಷಯ ಹುಡುಕುವ ತೊಂದರೆ ಬೇಡವೆಂದು ಇಲ್ಲಿ ಕೊಡುತ್ತಿದ್ದೇನೆ: ನಾನು, ಗಡಿ, ಹತ್ಯಾರು, ಹಸಿರು, ಮನೆಯ ಹಿರಿಯರು, ಕಾಲುದಾರಿ, ಹಾಳೆ, ಕತ್ತಲೆ, ಹಕ್ಕಿ, ನೀರು ನಿಲ್ಲುವ ಜಾಗ, ಬುಟ್ಟಿ, ನೆರಳು, ಹದಿಮೂರಕ್ಕೆ, ಒಪ್ಪಿಗೆ ಕೇಳಿ, ತೋಟದಲ್ಲಿ ದುಡಿಯುವವರಲ್ಲಿ ಒಬ್ಬರ ಮುಖ. ಹಾಗೆಯೇ ಹಳ್ಳವೋ ಕೆರೆಯೋ ಬಾವಿಯೋ ಹತ್ತಿರವಿದ್ದರೆ ಒಂದು ಗುರುತು ಹಾಕಿ, ಭಾನುವಾರದ ಚಿತ್ರವನ್ನು ಈ ವಾರದಿಂದಲೇ ಆರಂಭಿಸಬಹುದು.